ಚೆಂಡು ಹೋದ ಮೇಲಿನ ಎಣಿಕೆ

ಮೈದಾನದ ಮೆಟ್ಟಿಲುಗಳ ಕೆಳಗೆ, ಬಲೆ ಮತ್ತು ಗಾಳಿ ಹೋದ ಚೆಂಡು ತುಂಬಿದ ಉಗ್ರಾಣದ ಪಕ್ಕದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅಲ್ಲಿ ಅಕ್ಕ ಕೂರುತ್ತಿದ್ದಳು. ಅವಳನ್ನು ಅಕ್ಕ ಅಂತ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಒಬ್ಬನಿಗೆ, ತಂಡದ ಬಲಬದಿ ಕಾಯುತ್ತಿದ್ದ ಅವಳ ತಮ್ಮನಿಗೆ. ಅವನು ಕರೆದನೆಂದು ಉಳಿದ ಆಟಗಾರರು ಕರೆದರು, ಆಮೇಲೆ ಹುಲ್ಲು ಕತ್ತರಿಸುವವನು ಕರೆದ, ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಕೋಚ್ ಕೂಡ "ಏನಕ್ಕಾ" ಅನ್ನತೊಡಗಿದರು.

"ನಿಮಗೇ ನಾನು ಅಕ್ಕ ಆದರೆ ನನ್ನ ವಯಸ್ಸೆಷ್ಟಾಯ್ತು ಸಾರ್?"

"ಅದನ್ನೂ ನೀವೇ ಎಣಿಸಿ ಹೇಳಿ."

ಎಣಿಸುವುದೇ ಅವಳ ಕೆಲಸ. ಮೊದಲು ಅವಳು ಅಲ್ಲಿ ಟೈಪಿಸ್ಟ್ ಆಗಿದ್ದಳು. ಹೊಸ ಆಟಗಾರರನ್ನು ಹುಡುಕಿಕೊಂಡು ಊರೂರು ಅಲೆಯುವವರು ಬರೆದು ತಂದ ವರದಿಗಳನ್ನು ಟೈಪ್ ಮಾಡಿ ಫೈಲಿಗೆ ಹಾಕುವುದು. ಎಷ್ಟು ಗೋಲು, ಎಷ್ಟು ಓಟ, ಒದೆತದಲ್ಲಿ ಎಷ್ಟು ಜೋರು. ಹೀಗೆ ಹೊಗಳಿಸಿಕೊಂಡು ಬಂದವರಲ್ಲಿ ಅರ್ಧಕ್ಕರ್ಧ ಜನ ಒಂದೇ ವರ್ಷದಲ್ಲಿ ಟುಸ್ಸೆಂದು ಹೋಗುವುದನ್ನು ಅವಳು ನೋಡುತ್ತಲೇ ಇದ್ದಳು. ಒಂದು ದಿನ ಕೋಚ್ ಹತ್ತಿರ ಹೇಳಿಯೇಬಿಟ್ಟಳು: "ಚೆಂಡು ಕಾಲಲ್ಲಿ ಇದ್ದಾಗ ಎಲ್ಲರೂ ಚೆನ್ನಾಗೇ ಕಾಣ್ತಾರೆ ಸಾರ್. ಚೆಂಡು ಹೋದ ಮೇಲೆ ಏನು ಮಾಡ್ತಾರೆ ಅಂತ ಯಾರೂ ಬರೆಯಲ್ಲವಲ್ಲ?"

ಕೆಲವರು ಚೆಂಡು ಹೋದರೆ ಕೈ ಮೇಲೆತ್ತಿ ರೆಫ್ರಿಯನ್ನು ನೋಡುತ್ತಾರೆ. ಕೆಲವರು ಜೊತೆಯವನಿಗೆ ಬೈಯುತ್ತಾರೆ. ಕೆಲವರು ತುಟಿಪಿಟಕ್ಕೆನ್ನದೆ ತಿರುಗಿ ಹಿಂದಕ್ಕೆ ಓಡುತ್ತಾರೆ. ಆ ತಿರುಗುವುದಕ್ಕೆ ಹಿಡಿಯುವ ಹೊತ್ತನ್ನು ಅಕ್ಕ ಅಳೆಯಲು ಹಿಡಿದಳು. ವೀಡಿಯೋ ಹಾಕಿಕೊಂಡು, ಚೆಂಡು ಕಾಲು ಬಿಟ್ಟ ಕ್ಷಣ ಹೆಬ್ಬೆರಳಿನಿಂದ ಗಡಿಯಾರ ಒತ್ತುವುದು, ಆಟಗಾರ ತಿರುಗಿ ಮೊದಲ ಹೆಜ್ಜೆ ಇಟ್ಟ ಕ್ಷಣ ಇನ್ನೊಮ್ಮೆ ಒತ್ತುವುದು. ಒಂದೊಂದು ಆಟದಲ್ಲಿ ಇಪ್ಪತ್ತು ಮೂವತ್ತು ಸಲ. ಯಾರ ಎಣಿಕೆ ಒಂದು ಸೆಕೆಂಡಿನ ಒಳಗಿತ್ತೋ ಅವರನ್ನು ತನ್ನಿ ಅಂದಳು. ತಂದರು. ಐದು ವರ್ಷದಲ್ಲಿ ಹಾಗೆ ತಂದ ಒಂಬತ್ತು ಜನರಲ್ಲಿ ಎಂಟು ಜನ ತಂಡಕ್ಕೆ ಬೆನ್ನೆಲುಬಾದರು. ಒಂಬತ್ತನೆಯವನು ಪ್ರೀತಿಸಿ ಮದುವೆಯಾಗಿ ಹೆಂಡತಿಯ ಊರಿಗೆ ಹೋಗಿಬಿಟ್ಟ. "ಅದನ್ನು ಅಳೆಯೋ ಗಡಿಯಾರ ನನ್ನ ಹತ್ರ ಇಲ್ಲ" ಅಂದಳು ಅಕ್ಕ.

ಈ ಅಳತೆ ಅವಳಿಗೆ ಹೊಳೆದದ್ದು ತಮ್ಮನಿಂದ. ಅವನನ್ನು ಜನ ಬುಗುರಿ ಅಂತಲೇ ಕೂಗುತ್ತಿದ್ದರು. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಹತ್ತೊಂಬತ್ತು. ಅವನ ಹಿಂದೆ ಓಡಿ ಓಡಿ ಊಟ ಮಾಡಿಸಿದವಳಿಗೆ ಅವನು ಯಾವ ಕಾಲಿನ ಮೇಲೆ ಹೇಗೆ ತಿರುಗುತ್ತಾನೆ ಅನ್ನುವುದು ಕಣ್ಣು ಮುಚ್ಚಿದರೂ ಗೊತ್ತು. ಅವನ ಎಣಿಕೆ ಮುಕ್ಕಾಲು ಸೆಕೆಂಡು. ವರ್ಷಗಟ್ಟಲೆ ಮುಕ್ಕಾಲೇ.

ಅವನಿಗೆ ಮೂವತ್ತೊಂದು ತುಂಬಿದ ವರ್ಷ ಅದು ಬದಲಾಯಿತು. ಮೊದಲು ಒಂದು ಸೆಕೆಂಡಾಯಿತು. ಅಕ್ಕ ವೀಡಿಯೋವನ್ನು ಹಿಂದಕ್ಕೆ ತಳ್ಳಿ ಮತ್ತೆ ಅಳೆದಳು. ಒಂದೇ. ಮೂರು ಆಟ ಕಳೆದ ಮೇಲೆ ಒಂದೂಕಾಲು. ಅವನು ಬಲಗಾಲು ಊರಿ ತಿರುಗುವುದನ್ನೇ ಬಿಟ್ಟಿದ್ದ. ನಡುವೆ ಒಂದು ಪುಟ್ಟ ಹೆಜ್ಜೆ ಜಾಸ್ತಿ ಹಾಕಿ, ಸುತ್ತಿ ಬಳಸಿ ತಿರುಗುತ್ತಿದ್ದ. ನೋಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಗೊತ್ತಾಯಿತು.

ಅದೇ ಹೊತ್ತಿಗೆ ಕೋಚ್ ಬಂದು ಬಲಬದಿಗೆ ಬೇರೆ ಯಾರಾದರೂ ಇದ್ದಾರೆಯೇ ನೋಡಿ ಅಂದರು. "ನಿಮ್ಮ ತಮ್ಮನನ್ನು ತೆಗೀತೀನಿ ಅಂತಲ್ಲ. ವಯಸ್ಸಾಯ್ತಲ್ಲ, ಕಣ್ಣಿಟ್ಟಿರೋಣ ಅಂತ."

ಅವಳು ಹುಡುಕಿದಳು. ಕಾಟಾಚಾರಕ್ಕೆ ಅಲ್ಲ, ಸರಿಯಾಗಿಯೇ ಹುಡುಕಿದಳು. ಒಂದು ಸಣ್ಣ ತಂಡದಲ್ಲಿ ಆಡುತ್ತಿದ್ದ, ವಾರವೆಲ್ಲ ಪೀಠೋಪಕರಣದ ಗೋದಾಮಿನಲ್ಲಿ ಹೊರುವ ಕೆಲಸ ಮಾಡುತ್ತಿದ್ದ ಇಪ್ಪತ್ನಾಲ್ಕರ ಯುವಕನೊಬ್ಬ ಸಿಕ್ಕಿದ. ಎಣಿಕೆ ಮುಕ್ಕಾಲು. ಒಬ್ಬನೇ ಬೆನ್ನ ಮೇಲೆ ಬೀರು ಹೊತ್ತು ಮೂರು ಮಹಡಿ ಹತ್ತುತ್ತಾನೆಂದು ಅವನಿಗೆ ಬೀರು ಅಂತಲೇ ಹೆಸರಾಗಿತ್ತು.

"ಬೀರು? ಕುಡಿಯೋನಾ?" ಅಂದರು ಕೋಚ್.

"ಕುಡಿಯೋ ಬೀರಲ್ಲ ಸಾರ್, ಬಟ್ಟೆ ಇಡೋ ಬೀರು."

ಕೋಚ್ ನಕ್ಕರು. "ಸರಿ, ಇವನದೂ ಬುಗುರಿದೂ ಪಕ್ಕಪಕ್ಕದಲ್ಲಿ ಬರೆದು ಸೋಮವಾರ ಕೊಡಿ. ವ್ಯತ್ಯಾಸ ಜಾಸ್ತಿ ಇದ್ದರೆ ಇವನನ್ನು ತರೋಣ, ಅವನಿಗೆ ವಿಶ್ರಾಂತಿ ಕೊಟ್ಟು ಕಾಲು ಗೀಲು ಡಾಕ್ಟರಿಗೆ ತೋರಿಸೋಣ. ಇಲ್ಲದಿದ್ದರೆ ಬುಗುರಿಯೇ ಆಡಲಿ."

ಭಾನುವಾರ ಮಧ್ಯಾಹ್ನ ತಮ್ಮ ಅವಳ ಮನೆಗೆ ಬಂದ. ಅಡುಗೆಮನೆಯ ಬಾಗಿಲಿಗೆ ಒರಗಿ, ಬಲಗಾಲನ್ನು ಹಗುರಾಗಿಟ್ಟುಕೊಂಡು ನಿಂತ.

"ಅಕ್ಕಾ, ಒಂದು ಮಾತು ಕೇಳ್ತೀನಿ. ನಿಜ ಹೇಳಬೇಕು."

"ನಾನ್ಯಾವತ್ತು ಸುಳ್ಳು ಹೇಳಿದೀನಿ ನಿನಗೆ?"

"ಔಷಧಿ ಕಹಿ ಇಲ್ಲ ಅಂತ ಹೇಳಿ ಕುಡಿಸಿದ್ದು ಯಾರು?"

"ಅದು ಬೇರೆ. ಕೇಳು."

"ನಾನು ನಿಧಾನ ಆಗಿದೀನಾ? ಮಂಡಿ ಒಳಗೆ ಏನೋ ಹಿಡಿದಂಗಾಗುತ್ತೆ. ನನ್ನ ಭ್ರಮೆಯೋ ಏನೋ. ನಿನ್ನ ಗಡಿಯಾರ ಏನು ಹೇಳುತ್ತೆ?"

ಅಕ್ಕ ತಟ್ಟೆ ತೊಳೆಯುತ್ತಿದ್ದಳು. ಅವನ ಮುಖ ನೋಡಿದಳು. ಆರು ವರ್ಷದವನ ಮುಖವೇ, ಗಡ್ಡ ಬಂದದ್ದು ಬಿಟ್ಟರೆ. "ನಿಧಾನ ಆಗಿರೋದು ನಿನ್ನ ಬುದ್ಧಿ ಕಣೋ, ಕಾಲಲ್ಲ" ಅಂದಳು. ಅವನು ನಕ್ಕುಬಿಟ್ಟ. ಹೊತ್ತ ಹೊರೆ ಇಳಿಸಿದವನ ಹಾಗೆ ಕೂತು ಎರಡು ಸಲ ಬಡಿಸಿಕೊಂಡು ಉಂಡ.

ಸೋಮವಾರ ಬೆಳಿಗ್ಗೆ ಅವಳು ಅವನ ಕೊನೆಯ ನಾಲ್ಕು ಆಟಗಳನ್ನು ಹೊಸದಾಗಿ ಅಳೆಯಲು ಕೂತಳು. ಸುಳ್ಳು ಅಂಕಿ ಬರೆಯಬೇಕೆಂದು ಅವಳು ಕೂತದ್ದಲ್ಲ. ಹಾಗೆ ಬರೆಯಲು ಅವಳ ಕೈ ಬರುತ್ತಲೂ ಇರಲಿಲ್ಲ. ಆದರೆ ಚೆಂಡು ಕಾಲು ಬಿಟ್ಟ ತಕ್ಷಣ ಒತ್ತಬೇಕಾದ ಹೆಬ್ಬೆರಳು ಅರೆಗಳಿಗೆ ತಡೆದು ಒತ್ತಿತು. ಪ್ರತಿ ಸಲವೂ ಅಷ್ಟೇ ತಡೆಯಿತು. ಗಡಿಯಾರ ತೋರಿಸಿದ್ದನ್ನೇ ಅವಳು ಬರೆದಳು, ಒಂದಕ್ಷರ ತಿದ್ದಲಿಲ್ಲ. ಕೂಡಿಸಿ ನೋಡಿದರೆ ಬಂದದ್ದು ಮುಕ್ಕಾಲಿನ ಮೇಲೆ ಒಂದಿಷ್ಟು. ಯಂತ್ರವೇ ಹೇಳಿತಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ವರ್ಷ ಆಡಲಿ, ಏನಾಗುತ್ತೆ ಅಂದುಕೊಂಡಳು. ಆ ಗಡಿಯಾರದಲ್ಲಿ ಇನ್ನೊಂದು ಸಲ ಅಳೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಕೋಚ್ ಹಾಳೆ ನೋಡಿ, "ಇಷ್ಟಕ್ಕೆ ಹೊಸಬನನ್ನು ತರೋದಾ? ಬುಗುರಿ ಇನ್ನೂ ತಿರುಗ್ತಿದೆ" ಅಂದರು. ಬೀರುವಿಗೆ ಈ ವರ್ಷ ಬೇಡ ಅಂತ ಪತ್ರ ಹೋಯಿತು.

ಅದಾಗಿ ಏಳನೆಯ ವಾರ. ಆಟ ನಡೆಯುತ್ತಿತ್ತು, ಅಕ್ಕ ತನ್ನ ಕೋಣೆಯಲ್ಲಿ ಪರದೆ ನೋಡುತ್ತಿದ್ದಳು. ಚೆಂಡು ತಮ್ಮನ ಕಾಲು ಬಿಟ್ಟಿತು. ಎದುರಾಳಿ ಚೆಂಡಿನೊಡನೆ ಅವನನ್ನು ದಾಟಿ ನುಗ್ಗಿದ. ಸುತ್ತಿ ಬಳಸಿ ತಿರುಗುವಷ್ಟು ಪುರುಸೊತ್ತು ಸಿಗಲಿಲ್ಲ ಅವನಿಗೆ, ಹಳೆಯ ಅಭ್ಯಾಸದಂತೆ ಬಲಗಾಲನ್ನೇ ಊರಿ ತಿರುಗಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಅವನ ಹತ್ತಿರ ಯಾರೂ ಇರಲಿಲ್ಲ. ಯಾರೂ ಮುಟ್ಟದೆ ಬಿದ್ದವನನ್ನು ನೋಡಿ ಜನ ಮೊದಲು ನಕ್ಕರು. ಆಮೇಲೆ ಇಡೀ ಮೈದಾನ ಗಪ್ಪಾಯಿತು. ಅವನ ಕೂಗು ಸಿಮೆಂಟಿನ ಮೆಟ್ಟಿಲು ದಾಟಿ ಕೆಳಗಿನ ಕೋಣೆಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. "ಇದು ಇವತ್ತಿನದಲ್ಲಮ್ಮ. ಮಂಡಿ ಒಳಗಿನ ಮೆತ್ತೆ ತಿಂಗಳುಗಟ್ಟಲೆ ಸವೆದಿದೆ. ಮೊದಲೇ ನಿಲ್ಲಿಸಿ ತೋರಿಸಿದ್ದರೆ ಮೂರು ತಿಂಗಳ ವಿಶ್ರಾಂತಿ ಸಾಕಿತ್ತು. ಈಗ ನಡೆಯೋದಕ್ಕೆ ಆಗುವಂತೆ ಮಾಡ್ತೀವಿ. ಆಟ ಮರೆತುಬಿಡಿ."

ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಕೂತಿದ್ದಳು. ಅವನ ಬೂಟುಗಳನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದರು, ಅದು ಅವಳ ತೊಡೆಯ ಮೇಲಿತ್ತು. "ಮೆಟ್ಟಿಲು ಅಡ್ಡಡ್ಡ ಇಳೀತಿದ್ರು ಅಕ್ಕಾ" ಅಂದಳು. "ತೋರಿಸೋಣ ಬನ್ನಿ ಅಂತ ಎಷ್ಟು ಸಲ ಕರೆದೆ. ಅಕ್ಕನ ಗಡಿಯಾರದಲ್ಲಿ ನಾನು ಸರಿಯಾಗೇ ಇದೀನಿ, ಇದೆಲ್ಲ ಭ್ರಮೆ ಅಂತಿದ್ರು." ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅಕ್ಕನಿಗೆ ಅಲ್ಲಿ ಕೂರುವುದು ಸುಲಭವಾಗುತ್ತಿತ್ತು.

ಮೂರನೆಯ ದಿನ ಕೋಚ್ ಕೋಣೆಗೆ ಬಂದರು. "ಹೇಳೋದಕ್ಕೇ ಬಾಯಿ ಬರಲ್ಲ ಅಕ್ಕಾ. ಆದರೆ ಆ ಬೀರುವನ್ನು ಕರೆಸಲೇಬೇಕು. ಅವನ ಹಾಳೆ ಕೊಡಿ."

ಅವಳು ಬೀರುವಿನ ಹಾಳೆಯ ಜೊತೆ ತಮ್ಮನ ಹಾಳೆಯನ್ನೂ ಮೇಜಿನ ಮೇಲಿಟ್ಟಳು. "ಇದು ನಿಜ, ಇದು ಸುಳ್ಳು" ಅಂದಳು. ಹೆಬ್ಬೆರಳು ಏನು ಮಾಡಿತೆಂದು ಹೇಳಿದಳು. ಕೋಚ್ ಎರಡೂ ಹಾಳೆ ಕೈಗೆತ್ತಿಕೊಂಡು ನೋಡಿದರು.

"ನನಗೂ ಕಣ್ಣಿತ್ತಲ್ಲಮ್ಮ" ಅಂದರು. ಅವರು ಅವಳನ್ನು ಅಕ್ಕ ಅನ್ನಲಿಲ್ಲ ಆ ಹೊತ್ತು. "ಅವನು ಕುಂಟೋದು ನನಗೆ ಕಂಡಿತ್ತು. ಹಾಳೆ ಸರಿ ಇದೆಯಲ್ಲ ಅಂತ ಸುಮ್ಮನಾದೆ." ಬಾಗಿಲ ಹತ್ತಿರ ನಿಂತು, "ಇನ್ನು ಮೇಲೆ ಒಬ್ಬೊಬ್ಬ ಆಟಗಾರನನ್ನೂ ಇಬ್ಬರು ಅಳೆಯಲಿ" ಅಂದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಸಂಜೆ ತಮ್ಮನ ಹಾಸಿಗೆಯ ಪಕ್ಕ ಕೂತು ಅವನಿಗೂ ಹೇಳಿದಳು.

"ಎಷ್ಟು?" ಅಂತ ಕೇಳಿದ.

"ಏನೆಷ್ಟು?"

"ನಿಜವಾಗಿ ಎಷ್ಟಿತ್ತು ನನ್ನದು?"

"ಒಂದೂಕಾಲು."

ಅವನು ಪಟ್ಟಿ ಸುತ್ತಿದ ಮಂಡಿಯನ್ನು ನೋಡುತ್ತಿದ್ದ. "ಇದಕ್ಕೆ ಗೊತ್ತಿತ್ತು ಅಕ್ಕಾ. ದಿನಾ ಹೇಳ್ತಿತ್ತು. ನಾನೇ ಇದಕ್ಕೆ ಬೈದೆ. ಅಕ್ಕ ಹೇಳಿದಾಳೆ, ನೀನು ಮುಚ್ಕೊಂಡಿರು ಅಂತ."

"ನಿನ್ನನ್ನ ತೆಗೆದುಬಿಡ್ತಾರೆ ಅಂತ..."

"ತೆಗೀಲಿ ಅಂತ ತಾನೆ ನಾನು ಬಂದಿದ್ದು?" ಅವನ ದನಿ ಏರಿತು, ಮತ್ತೆ ಇಳಿಯಿತು. "ಬೇರೆ ಯಾರು ಹೇಳಿದ್ರೂ ನಾನು ನಂಬ್ತಿರಲಿಲ್ಲ. ನೀನು ಸಾಕು ಕಣೋ ಅಂದಿದ್ರೆ ಬೂಟು ಬಿಚ್ಚಿಡ್ತಿದ್ದೆ. ಅದಕ್ಕೇ ನಿನ್ನ ಹತ್ರ ಬಂದೆ."

ಅವನು ಗೋಡೆಯ ಕಡೆ ಮುಖ ಮಾಡಿ, "ಹೊರಡು ಈಗ. ಕತ್ತಲಾಗುತ್ತೆ" ಅಂದ. ಕೋಪದಲ್ಲೂ ಅವಳು ಬೆಳಕಿರುವಾಗಲೇ ಮನೆ ಸೇರಲಿ ಅನ್ನುವುದು ಅವನ ಬಾಯಲ್ಲಿ ಬಂತು. ಅದನ್ನು ನೆನೆದು ದಾರಿಯುದ್ದಕ್ಕೂ ಅತ್ತಳು.

ಬೀರು ಬಂದ. ಆಡಿದ. ಅವಳು ಹೇಳಿದ್ದ ಹಾಗೆಯೇ ಮುಕ್ಕಾಲು ಸೆಕೆಂಡಿಗೆ ತಿರುಗುತ್ತಿದ್ದ, ತಂಡ ಒಂದಾದಮೇಲೊಂದು ಆಟ ಗೆಲ್ಲುತ್ತಿತ್ತು. ಜನ ಅವನಿಗೆ ಕೂಗು ಹಾಕುವಾಗ ಅಕ್ಕ ಕೆಳಗೆ ಪರದೆಯ ಮುಂದೆ ಕೂತಿರುತ್ತಿದ್ದಳು, ಪಕ್ಕದಲ್ಲಿ ಇನ್ನೊಂದು ಗಡಿಯಾರ ಹಿಡಿದು ಟಿಕೆಟ್ ಕೌಂಟರಿನವಳು ಕೂತಿರುತ್ತಿದ್ದಳು. ಇಬ್ಬರ ಎಣಿಕೆಯೂ ಒಂದೇ ಬರುತ್ತಿತ್ತು. ಮೊದಲೆಲ್ಲ ಆಟ ಮುಗಿಯುತ್ತಲೇ "ಎಷ್ಟು ಬಂತು ಅಕ್ಕಾ?" ಅಂತ ಬರುತ್ತಿದ್ದ ಫೋನು ಈಗ ಬರುತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಫೋನು ಮಾಡಿದಳು. "ಅವರು ಕರೀತಿದಾರೆ ಅಕ್ಕಾ. ಕೋಲು ಬಿಟ್ಟು ನಡೀತೀನಿ, ಬಂದು ನೋಡಲಿ ಅಂತಿದಾರೆ."

ಅಕ್ಕ ಹೋದಾಗ ಅವನು ಹಜಾರದ ಕುರ್ಚಿಯಲ್ಲಿ ಕೂತಿದ್ದ. ಮೈ ಸ್ವಲ್ಪ ಬಂದಿತ್ತು. ಬಂದೆಯಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಅವಳೇ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನು ಎದ್ದು, ಬಾಗಿಲಿಂದ ಕಿಟಕಿಯವರೆಗೆ ನಡೆದ. ಅವನು ನಡೆಯುವಷ್ಟು ಹೊತ್ತೂ ಅವನ ಹೆಂಡತಿ ಎರಡು ಹೆಜ್ಜೆ ಹಿಂದೆಯೇ ಇದ್ದಳು.

"ಕುಂಟು ಕಾಣುತ್ತಾ?"

ಅವನ ಹೆಂಡತಿ ಅವನ ಬೆನ್ನ ಹಿಂದಿನಿಂದ ಅಕ್ಕನಿಗೆ ಕಣ್ಣಲ್ಲೇ ಕೈಮುಗಿಯುವಂತೆ ನೋಡಿದಳು. ಅವಳು ತಿಂಗಳುಗಟ್ಟಲೆ ಇಲ್ಲ, ಇಲ್ಲ ಅನ್ನುತ್ತಲೇ ಬಂದಿದ್ದಳು.

"ಕಾಣುತ್ತೆ" ಅಂದಳು ಅಕ್ಕ.

"ಎಷ್ಟು?"

"ಜಾಸ್ತಿನೇ. ಬೀದಿ ಆ ಕಡೆಯಿಂದ ನೋಡಿದವರಿಗೂ ಗೊತ್ತಾಗುತ್ತೆ."

ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. ಹತ್ತಿರ ಹೋಗಿ ಹಿಡಿದುಕೊಳ್ಳಬೇಕು ಅಂತ ಅಕ್ಕನ ಕೈ ಎದ್ದಿತು. ಅವನು ಅವಳನ್ನು ಕರೆಸಿದ್ದು ಅದಕ್ಕಲ್ಲ ಅಂತ ಗೊತ್ತಿದ್ದುದರಿಂದ ಕೈಯನ್ನು ಮಡಿಲಲ್ಲೇ ಅದುಮಿಟ್ಟುಕೊಂಡಳು.

"ಮತ್ತೆ ನೋಡು" ಅಂದು ಅವನು ತಿರುಗಿದ. ಗೋಡೆ ಹಿಡಿದು ನಿಧಾನವಾಗಿ ತಿರುಗಿದ. ಹಲ್ಲು ಕಚ್ಚಿ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲವರೆಗೆ ಬಂದ. ಹಣೆಯ ಮೇಲೆ ಬೆವರಿತ್ತು.

"ಈಗ?"

"ಈಗಲೂ ಕಾಣುತ್ತೆ ಕಣೋ."

ಅವನು ತಲೆಯಾಡಿಸಿ, ಉಸಿರು ತೆಗೆದುಕೊಳ್ಳಲು ಅವಳ ಪಕ್ಕದ ಕುರ್ಚಿಯಲ್ಲಿ ಕೂತ.