ಅಂಗಿಗೆ ಬಿದ್ದ ಕತ್ತರಿ

ಟೈಲರ್ ಹೆಂಡತಿ ನಾನು. ನಂಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ಬೀಗ್ತಿದ್ದೆ. ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಜಂಬವೆಲ್ಲ ಇಳೀತು.

ಕಟಿಂಗ್ ಟೇಬಲ್ ಮುಂದೆ ನಿಂತಿದ್ದ ನಮ್ಮವರು ಸೀಮೆಸುಣ್ಣ ಕೆಳಗಿಟ್ಟು ಎದೆ ಒತ್ತಿಕೊಂಡ್ರು. ಮೈಯೆಲ್ಲ ಬೆವರು. ಗ್ಯಾಸ್ ಇರಬೇಕು, ಬಿಸಿನೀರು ಕುಡೀರಿ ಅಂದೆ. ಪುಣ್ಯಕ್ಕೆ ನಮ್ಮಕ್ಕನ ಮಗಳು ಯೂನಿಫಾರಂ ಅಳತೆ ಕೊಡೋಕೆ ಬಂದಿದ್ದಳು. ದೊಡ್ಡಾಸ್ಪತ್ರೇಲಿ ನರ್ಸು. ನೋಡಿದವಳೇ ಅವರನ್ನ ಗೋಡೆಗೆ ಒರಗಿಸಿ ಕೂರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದಳು.

ನಂಗೆ ರೇಗಿತು. ಬೀದಿ ತುದೀಲೇ ಆಟೋ ಇದೆ, ಜೊತೇಲಿ ನರ್ಸೇ ಇದ್ದಾಳೆ, ಆ ಗಾಡಿಯೋರು ಯಾಕೆ? ನರ್ಸ್ ಕೆಲಸ ಸಿಗದೋರು ಆಂಬುಲೆನ್ಸ್ ಹತ್ತುತಾರೆ ಅಂತ ಬೀದಿಗೆಲ್ಲ ಸಾರಿದೋಳೂ ನಾನೇ.

"ಚಿಕ್ಕಮ್ಮ, ವಾರ್ಡಲ್ಲಾದ್ರೆ ನಂಗೆ ಮಷೀನು, ಔಷಧಿ, ಡಾಕ್ಟ್ರು ಎಲ್ಲ ಇರ್ತಾರೆ. ಆಟೋದಲ್ಲಿ ಈ ಎರಡು ಕೈ ಮಾತ್ರ. ಆಂಬುಲೆನ್ಸಲ್ಲಿ ಬರೋ ಪ್ಯಾರಾಮೆಡಿಕ್ ಅಂದ್ರೆ ಬೀದೀಲಿ, ಓಡೋ ಗಾಡೀಲಿ ಜೀವ ಹಿಡಿಯೋಕೇ ಅಂತ ಓದಿ ಪಳಗಿದೋರು," ಅಂದಳು.

ಆಂಬುಲೆನ್ಸಲ್ಲಿ ಬಂದೋಳು ಒಬ್ಬ ಸಣಕಲು ಹೆಂಗಸು. ಹೆಗಲಲ್ಲಿ ಅವಳಷ್ಟೇ ದೊಡ್ಡ ಚೀಲ. ಮಂಡಿಯೂರೋ ಹೊತ್ತಿಗೆ ನಮ್ಮವರ ತಲೆ ವಾಲಿತು, ಉಸಿರು ನಿಂತಿತು. ಅಕ್ಕನ ಮಗಳು ನೆಲಕ್ಕೆ ಮಲಗಿಸಿ ಎದೆ ಒತ್ತೋಕೆ ಶುರು ಮಾಡಿದಳು. ಆಂಬುಲೆನ್ಸಿನವಳು ಕತ್ತರಿ ತೆಗೆದು ಅಂಗಿಗೆ ಹಾಕಿದಳು.

ಊರಿಗೆಲ್ಲ ಹೊಲಿಯೋ ಮನುಷ್ಯ ತನಗೆ ಅಂತ ಹೊಲ್ಕೊಂಡಿದ್ದ ಒಂದೇ ಒಂದು ಒಳ್ಳೇ ಅಂಗಿ ಅದು. ನಮ್ಮಂಗಡೀಲಿ ಅವರ ಕೈ ಬಿಟ್ಟು ಬೇರೆ ಕೈ ಬಟ್ಟೆಗೆ ಕತ್ತರಿ ಹಾಕಿದ್ದೇ ಇಲ್ಲ. ನನ್ನ ಹಾಳು ಕೈ ಹೋಗಿ ಅವಳ ಕೈ ಹಿಡೀತು. ತಡಿಯಮ್ಮ, ಗುಂಡಿ ಬಿಚ್ತೀನಿ ಅಂದೆ.

"ಅಂಗಿ ಬೇಕಾ ಅಮ್ಮ, ಅವರು ಬೇಕಾ?" ಅಂದಳು ಮೆಲ್ಲಗೆ.

ಕೈ ಬಿಟ್ಟೆ. ಎದೆಗೆ ಮಷೀನಿನ ಪಟ್ಟಿ ಅಂಟಿಸಿ ಕರೆಂಟು ಕೊಟ್ಟಳು. ಎರಡನೇ ಸಲಕ್ಕೆ ನಮ್ಮವರು ಉಸಿರೆಳೆದುಕೊಂಡ್ರು. ನಂಗೆ ಅಳುವೇ ಬಂತು.

ಆಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ, ಬೇಗ ಹೊರಡಿ ಅಂತ ಗೋಗರೆದೆ. ಅವಳು ಮಾತ್ರ ಎದೆಗೆ ವೈರು ಹಚ್ಚಿ ಇಸಿಜಿ ತೆಗೆದು ಅದನ್ನ ಫೋನಲ್ಲೇ ಆಸ್ಪತ್ರೆಗೆ ಕಳಿಸಿ, ಅಲ್ಲಿನ ಡಾಕ್ಟ್ರನ್ನ ಕೇಳಿ ಔಷಧಿ ಕೊಟ್ಟು, ಆಮೇಲೇ ಗಾಡಿ ಬಿಡಿಸಿದಳು. ಹೋಗೋ ಹೊತ್ತಿಗೆ ಅಲ್ಲಿ ಎಲ್ಲ ತಯಾರು. ಎಷ್ಟೊತ್ತಿಗೆ ಬಿದ್ರು, ಎಷ್ಟು ಸಲ ಕರೆಂಟು, ಯಾವ ಔಷಧಿ, ಎಲ್ಲವನ್ನೂ ಒಂದೇ ಉಸಿರಲ್ಲಿ ಅಲ್ಲಿನ ನರ್ಸಿಗೆ ಒಪ್ಪಿಸಿದಳು. ಮತ್ತೆ ಇನ್ಯಾರದೋ ಮನೆಗೆ ಹೊರಟೇಬಿಟ್ಟಳು. ಒಂದು ಲೋಟ ನೀರೂ ಕುಡೀಲಿಲ್ಲ.

ಆರು ದಿನ ನರ್ಸುಗಳು ನಮ್ಮವರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ರು. ಹೊತ್ತು ಹೊತ್ತಿಗೆ ಮಾತ್ರೆ, ನಾಡಿ. ಕಾಲು ಸ್ವಲ್ಪ ಊದಿದ್ದನ್ನ ಮೊದಲು ಕಂಡು ಡಾಕ್ಟ್ರಿಗೆ ಹೇಳಿದ್ದೂ ಅವರೇ. ಕೈ ಹಿಡಿದು ನಡೆಸಿದ್ರು, ಉಪ್ಪು ಎಷ್ಟು ಹಾಕಬೇಕು ಅಂತ ನಂಗೆ ಪಾಠ ಹೇಳಿದ್ರು. ಕಾಯಿಲೆಯೋರನ್ನ ದಿನಗಟ್ಟಲೆ ಕಾಯೋದೇ ಒಂದು ವಿದ್ಯೆ, ಅದಕ್ಕೇ ನಾಲ್ಕು ವರ್ಷ ಓದಿದ್ದು ಅಂದಳು ಅಕ್ಕನ ಮಗಳು.

ಹಾಗಾದ್ರೆ ನರ್ಸು, ಪ್ಯಾರಾಮೆಡಿಕ್ಕು ಇಬ್ಬರಲ್ಲಿ ಯಾರು ಹೆಚ್ಚು ಅಂತ ಕೇಳಿದೆ. ಮಲಗಿದ್ದಲ್ಲಿಂದಲೇ ನಮ್ಮವರು ನಕ್ಕರು.

"ಕತ್ತರಿಸಿದೋನು ಹೆಚ್ಚೋ ಹೊಲಿದೋನು ಹೆಚ್ಚೋ ಅಂತ ಅಂಗಿ ಕೇಳುತ್ತಾ?"

ಕತ್ತರಿ ಬಿದ್ದ ಆ ಅಂಗಿ ಈಗ ಅಂಗಡಿ ಬಾಗಿಲಲ್ಲೇ ತೂಗ್ತಿದೆ. ನಮ್ಮವರು ಹೊಲಿಯೋಕೆ ಎರಡು ಸಲ ಸೂಜಿ ಹಿಡಿದು ಬಂದ್ರು, ನಾನು ಬಿಡಲಿಲ್ಲ. ಪಕ್ಕದಲ್ಲೇ ಆಂಬುಲೆನ್ಸ್ ನಂಬರು ದಪ್ಪಗೆ ಬರೆಸಿದ್ದೀನಿ.

ನೀವೂ ನಿಮ್ಮ ಗೋಡೆ ಮೇಲೆ ಬರೆದಿಡಿ. ಎದೆ ನೋವು, ಬೆವರು ಅಂದ್ರೆ ಗ್ಯಾಸು ಅಂತ ಕೂರಬೇಡಿ, ಆಟೋನೂ ಹುಡುಕಬೇಡಿ, ಮೊದಲು ಫೋನ್ ಮಾಡಿ. ಬಂದೋರು ಅಲ್ಲೇ ಕೂತು ಕೆಲಸ ಮಾಡಿದ್ರೆ ಅವಸರ ಮಾಡಬೇಡಿ. ಕತ್ತರಿ ತೆಗೆದ್ರೆ ಅಡ್ಡ ಬರಬೇಡಿ. ಅಂಗಿ ನಾವು ಹೊಲ್ಕೊಡ್ತೀವಿ.