ಸೋಮವಾರ ಹೂಡದ ಕಾರು

ಕಾರು ಕೊಳ್ಳಬೇಕೆನ್ನುವವರೆಲ್ಲ ಚಾಮರಾಜನಗರದ ನಮ್ಮ ಮನೆಗೆ ಬಂದು ನನ್ನ ಗಂಡನ ಅಭಿಪ್ರಾಯ ಕೇಳುತ್ತಾರೆ. ಆತ ಜಗುಲಿಯ ಮೇಲೆ ಕೂತು ಗಂಟೆಗಟ್ಟಲೆ ಕೊರೆಯುತ್ತಾನೆ. ಶಿವರುದ್ರಮ್ಮ ಅಂತ ನಾನೊಬ್ಬಳಿದ್ದೇನೆ, ನನ್ನನ್ನು ಯಾರೂ ಕೇಳುವುದಿಲ್ಲ. ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ: ದೊಡ್ಡಮಲ್ಲಪ್ಪ.

ಐವತ್ತೊಂದನೇ ಇಸವಿಯಲ್ಲಿ ಬಂದ ಕಪ್ಪು ಕಾರು. ನಾಲ್ಕು ಬಾಗಿಲು, ಐದು ಜನಕ್ಕೆ ಜಾಗ. ಏಳು ವರ್ಷದಲ್ಲಿ ನಾನು ಹತ್ತಿದ್ದು ಹನ್ನೊಂದು ಸಲ. ಅದರಲ್ಲಿ ನಾಲ್ಕು ಸಲ ಇಳಿದು ತಳ್ಳಿದ್ದೂ ಉಂಟು. ಹರದನಹಳ್ಳಿ ತಲುಪುವಷ್ಟರಲ್ಲಿ ಎಂಜಿನ್ನಿನ ನೀರು ಕೊತಕೊತ ಕುದಿಯುತ್ತದೆ. ಡ್ರೈವರ್ ಹಬೀಬುಲ್ಲಾ ಬಕೆಟ್ ಹಿಡಿದು ಬಾವಿ ಹುಡುಕುತ್ತಾನೆ. ನನ್ನ ಗಂಡ ಮಾತ್ರ ಒಳಗೇ ಕೂತು ದಾರಿಹೋಕರ ನಮಸ್ಕಾರ ಸ್ವೀಕರಿಸುತ್ತಿರುತ್ತಾನೆ. ಸೀಟು ಕೊಳೆಯಾಗುತ್ತದೆಂದು ಕಂಬಳಿ ಹೊದಿಸಿದ್ದಾನೆ. ಬೇಸಿಗೆಯಲ್ಲಿ ಅದು ಮೈಯೆಲ್ಲ ಚುಚ್ಚುತ್ತದೆ.

ಅದೆಲ್ಲ ಹಾಳಾಗಲಿ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವನ ಬಿಡುವಿನ ದಿನ. ಎತ್ತಿಗೆ ಮೈಕೈ ನೋವಿದೆ, ಸರಿ. ಈ ಮಹಾನುಭಾವ ಕಾರಿಗೂ ಅದೇ ಕಟ್ಟಳೆ ಮಾಡಿದ. ಸೋಮವಾರ ಬಂತೆಂದರೆ ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದು, ಹೂವಿಟ್ಟು, ಕೈಮುಗಿದು, ಕೊಟ್ಟಿಗೆಯಲ್ಲೇ ನಿಲ್ಲಿಸುತ್ತಾನೆ. ಎಂಥ ಭಕ್ತ ಎಂದು ಊರೇ ಹೊಗಳುತ್ತದೆ.

ಹೋದ ಮಾಘದಲ್ಲಿ ಒಂದು ಸೋಮವಾರ ಬೆಳಿಗ್ಗೆ, ಗುಂಡ್ಲುಪೇಟೆಯಿಂದ ಬಂದ ಬಸ್ಸಿನ ಕಂಡಕ್ಟರು ನನ್ನ ತಮ್ಮನ ಚೀಟಿ ತಂದುಕೊಟ್ಟ. ಅವ್ವನಿಗೆ ಮೇಲುಸಿರು, ನಿನ್ನನ್ನೇ ಕೇಳುತ್ತಿದ್ದಾಳೆ, ತಡಮಾಡಬೇಡ ಎಂದು ಬರೆದಿದ್ದ.

"ಕಾರು ತಗೀರಿ. ಅವ್ವನ ಮೊಕ ನೋಡ್ಬೇಕು," ಎಂದೆ.

"ಇವತ್ತು ಸೋಮವಾರ ಕಣಮ್ಮಿ. ನಾಳೆ ಒತ್ತಾರೆ ಓಗನ ಬುಡು," ಎಂದು ಎಲೆಗೆ ಸುಣ್ಣ ಸವರಿದ.

"ನಾಳೆಗಂಟ ಅವ್ವ ಇರ್ತಾಳಾ?"

"ಎಲ್ಲಾ ಶಿವನ ಇಚ್ಛೆ."

ಹನ್ನೊಂದರ ಬಸ್ಸಿಗೆ ಕಾದು ಹತ್ತಿದೆ. ತೆರಕಣಾಂಬಿಯಲ್ಲಿ ಬೆಲ್ಲದ ಮೂಟೆ ಇಳಿಸಲು ಅದು ಎಷ್ಟೋ ಹೊತ್ತು ನಿಂತಿತು. ನಾನು ಕೂತಿದ್ದ ಕಿಟಕಿಯ ಪಕ್ಕದಲ್ಲೇ ನಮ್ಮ ಕಾರು ಧೂಳೆಬ್ಬಿಸಿಕೊಂಡು ಬಂತು. ಬಾನೆಟ್ಟಿನ ವಿಭೂತಿ ಹಾಗೇ ಇತ್ತು. ಹಿಂದೆ ಟೋಪಿ ಹಾಕಿದ ಇಬ್ಬರು ಸಾಹೇಬರು, ಮುಂದೆ ಜರಿಪೇಟ ಸುತ್ತಿದ ದೊಡ್ಡಮಲ್ಲಪ್ಪ. ನನ್ನನ್ನು ಕಂಡ ಹಬೀಬುಲ್ಲಾ ನಿಧಾನ ಮಾಡಿದ. ನನ್ನ ಗಂಡ ನಿಲ್ಲಿಸಬೇಡವೆಂದು ಕೈಬೀಸಿ ಮುಂದೆ ಓಡಿಸಿದ. ಬಂಡೀಪುರದ ಕಾಡು ನೋಡಹೊರಟ ಸಾಹೇಬರಿಗೆ ಸೋಮವಾರದ ಕಟ್ಟಳೆ ಇರಲಿಲ್ಲ.

ಗುಂಡ್ಲುಪೇಟೆಯಲ್ಲಿ ತವರುಮನೆ ಇರುವುದು ಬಂಡೀಪುರದ ರಸ್ತೆಯ ಮೇಲೆಯೇ. ಬಸ್ಸಿಳಿದು ಓಡಿದೆ. ಅವ್ವನನ್ನು ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಬಾಗಿಲ ಕಡೆ ಮುಖಮಾಡಿ ಕೂರಿಸಿದ್ದರು. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ಹೊಸ್ತಿಲಲ್ಲೇ ನನಗೆಲ್ಲ ತಿಳಿಯಿತು. ಅವಳ ಮಡಿಲಿಗೆ ಬಿದ್ದು ಅತ್ತೆ.

ಸಂಜೆ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಪಕ್ಕದಲ್ಲಿದ್ದ ತಮ್ಮನ ಹೆಂಡತಿ ಶಾಂತಮಲ್ಲಮ್ಮ ತಲೆಯೆತ್ತಿದಳು.

"ಮದ್ಯಾನ ಇದೇ ಸದ್ದು ಕಣಕ್ಕ. ಬಾಗ್ಲ ಮುಂದೆ ಎರಡು ಸಲ ಕೂಗುಸ್ಕಂಡು ಓಯ್ತು. ಅತ್ತೆಮ್ಮ ಕಣ್ ಬುಟ್ಟು, 'ರುದ್ರಿ ಬಂದ್ಲು, ನನ್ನ ಎತ್ತಿ ಕೂರ್ಸಿ' ಅಂದ್ರು. ಕೂರ್ಸುದ್ವಿ. ಬಾಗ್ಲ ನೋಡ್ತಾ ನೋಡ್ತಾ ಅಂಗೇ ಓಗ್ಬುಟ್ರು. ಸತ್ಮೇಲೆ ನಾವು ಎತ್ತಿ ಕೂರ್ಸಿದ್ದಲ್ಲ ಕಣಕ್ಕ."

ಸಾಹೇಬರಿಗೆ ಮಾವನ ಮನೆ ತೋರಿಸಿ ಮೆರೆಯಲು ಹಾರ್ನ್ ಒತ್ತಿಸಿದ ಭೂಪ ಅಷ್ಟರಲ್ಲಿ ಹೊಸ್ತಿಲ ಮೇಲೆ ನಿಂತಿದ್ದ. ಅವ್ವನನ್ನು ನೋಡಿ ಪೇಟ ತೆಗೆದ.

"ದೊಡ್ಡೋರು ಜೊತೇಲಿದ್ರು. ನಿಲ್ಸಕಾಗ್ನಿಲ್ಲ ಕಣಮ್ಮಿ."

"ಬಾಗ್ಲಿಗೆ ಅಡ್ಡ ನಿಂತ್ಕಬೇಡಿ," ಎಂದೆ. "ಅವ್ವ ಇನ್ನೂವೆ ನನ್ ದಾರಿ ನೋಡ್ತಾವ್ಳೆ."