ಪರಿಚಯ ಮೊದಲು, ಪ್ರಶ್ನೆ ಆಮೇಲೆ

ಮೈಕಿನ ತಲೆಗೆ ತೊಡಿಸಿದ ಹಳದಿ ಸ್ಪಂಜು ಎಷ್ಟು ಜನರ ಎಂಜಲು ಕುಡಿದಿದೆಯೋ, ಅಂಚೆಲ್ಲ ಕಪ್ಪಾಗಿದೆ, ಅದಕ್ಕೇ ಬಾಯಿ ಒತ್ತಿ ಅನಂತರಾಜರು ಮಾತಾಡುತ್ತಿದ್ದಾರೆ, ಸೌಜನ್ಯ, ಬಂಧುಗಳೇ, ನಮ್ಮ ಬಳಗದ ಉಸಿರೇ ಸೌಜನ್ಯ — ಒಂದೊಂದು ಸೌಜನ್ಯಕ್ಕೂ ಸ್ಪಂಜಿಗೆ ಇನ್ನೊಂದು ಹನಿ, ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂತ ಶರ್ಮಿಳಾ ಅದನ್ನೇ ನೋಡುತ್ತಿದ್ದಾಳೆ, ಇನ್ನು ಹತ್ತು ನಿಮಿಷಕ್ಕೆ ಅದರ ಮುಂದೆ ತನ್ನ ಬಾಯಿ, ತನ್ನ ಕೈಯಲ್ಲಿರುವ ಈ ಹಾಳೆ, ಸ್ವಾಗತ ಸಂದೇಶ, ಇಂಪಾಗಿ ಓದಮ್ಮ ಎಂದಿದ್ದಾರೆ ಮಾವ. ಅರಸೀಕೆರೆಯ ಈ ಬಾಡಿಗೆ ಹಾಲಿನಲ್ಲಿ ಇವತ್ತು ಕಲ್ಪತರು ಬಳಗಕ್ಕೆ ಹನ್ನೆರಡು ವರ್ಷ ತುಂಬಿದ ಸಂಭ್ರಮ, ವಾಟ್ಸಾಪಿನಲ್ಲಿ ಹುಟ್ಟಿ ವಾಟ್ಸಾಪಿನಲ್ಲೇ ಬೆಳೆದ ಬಳಗ, ಅರಸೀಕೆರೆ ಬೇಲೂರು ಹಳೇಬೀಡು ಸೇರಿ ಒಂಬೈನೂರು ತೆಂಗು ಬೆಳೆಗಾರರು, ದಿನಕ್ಕೆ ಒಂಬೈನೂರು ಶುಭೋದಯ, ಮೊಬೈಲು ಬಿಸಿಯಾಗುವಷ್ಟು ಗುಲಾಬಿ ಹೂವು. ನಡುವಿನ ಕುರ್ಚಿಯಲ್ಲಿ ಮೈಸೂರು ಪೇಟ ತೊಟ್ಟು ಕೂತವರು ಮಾವ, ಜಯದೇವಪ್ಪ, ಬಳಗ ಕಟ್ಟಿದವರು, ನಿವೃತ್ತ ಮೇಷ್ಟ್ರು, ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಕಾಣುವುದಿಲ್ಲ, ಹಾಗಾಗಿ ಎರಡು ವರ್ಷದಿಂದ ಬಳಗದ ಮಾತು ಅವರದ್ದು, ಬೆರಳು ಶರ್ಮಿಳಾಳದ್ದು. ಬೆರಳಿಗೇನು, ಹೇಳಿದ್ದನ್ನು ಒತ್ತುತ್ತದೆ. ಬೆರಳಿಗೂ ಒಂದು ಶಾಲು ಹೊದಿಸಿದ್ದಾರೆ ಇವತ್ತು, ಕತ್ತಿಗೆ ಚುಚ್ಚುತ್ತಿದೆ ಅದರ ಜರಿ.

ಹಾಳೆಯಲ್ಲಿ ಏನಿದೆ ಎಂದು ನೋಡಬೇಕಿಲ್ಲ, ಅವಳೇ ಟೈಪ್ ಮಾಡಿದ್ದು, ಬಳಗಕ್ಕೆ ಬಂದ ಹೊಸಬರು ಮೊದಲು ತಮ್ಮ ಪರಿಚಯ ಬರೆಯತಕ್ಕದ್ದು, ಹೆಸರು, ಊರು, ತಂದೆಯ ಅಥವಾ ಗಂಡನ ಹೆಸರು, ಮನೆತನ, ಎಷ್ಟು ಮರ, ಅದನ್ನು ಓದಿ ಇಬ್ಬರು ಹಿರಿಯ ಸದಸ್ಯರು ಸ್ವಾಗತ ಎಂದು ಹಾಕಬೇಕು, ಸ್ವಾಗತ ಆಗುವವರೆಗೆ ಪ್ರಶ್ನೆ ಕೇಳುವಂತಿಲ್ಲ, ದನಿಯ ಸಂದೇಶ ಕಳಿಸುವಂತಿಲ್ಲ. ಮನೆತನ! ಮರಕ್ಕೆ ಬೀಳುವ ಹುಳ ಮನೆತನ ಕೇಳಿಕೊಂಡು ಗರಿ ತಿನ್ನುತ್ತದೆಯೇ. ಐನೂರು ಮರದವನು ಬಂದರೆ ಅರವತ್ತು ಜೋಡಿ ಮುಗಿದ ಕೈ ಸಾಲಾಗಿ ಬೀಳುತ್ತವೆ, ತಮ್ಮ ಆಗಮನದಿಂದ ಬಳಗ ಪುನೀತವಾಯಿತು ಸಾರ್, ಮೂವತ್ತು ಮರದವನು ಬಂದರೆ ಯಾರೋ ಒಬ್ಬರ ಹೆಬ್ಬೆರಳು, ಅದೂ ಮಧ್ಯಾಹ್ನದ ಮೇಲೆ. ಮನೆತನದ ಜಾಗ ಖಾಲಿ ಬಿಟ್ಟವನಿಗೆ ಬೇರೆಯಾಗಿ ಒಂದು ಮೆಸೇಜು ಹೋಗುತ್ತದೆ, ತಪ್ಪು ತಿಳ್ಕೋಬೇಡಿ, ತಾವು ಯಾವ ಮಠದ ಕಡೆಯವರು — ಅದನ್ನು ಒತ್ತುವುದೂ ಇವಳ ಬೆರಳೇ. ಉತ್ತರ ಬಾರದಿದ್ದರೆ ಸ್ವಾಗತವೂ ಇಲ್ಲ, ಬೈಗುಳವೂ ಇಲ್ಲ, ಬಾಗಿಲಲ್ಲೇ ನಿಲ್ಲಿಸಿರುತ್ತಾರೆ, ನೀರು ಬೇಕಾ ಎಂದೂ ಕೇಳದೆ, ಎಷ್ಟು ಸೌಜನ್ಯ, ಅನಂತರಾಜರೇ, ಇನ್ನೊಂದು ಸಲ ಹೇಳಿ, ಸ್ಪಂಜು ಕಾಯುತ್ತಿದೆ.

ಎಳನೀರು ಬಂತು, ಕೊಳವೆ ಹಾಕಿ ವೇದಿಕೆಗೆ ಹಂಚುತ್ತಿದ್ದಾರೆ, ಎಲ್ಲರೂ ಹೀರುತ್ತಿದ್ದಾರೆ, ಕೆನ್ನೆ ಒಳಕ್ಕೆ ಎಳೆದುಕೊಂಡು, ಯಾರಿಗೂ ಅನುಮಾನವಿಲ್ಲ, ಯಾವ ಮರದ ಬೇರಿಗೆ ಯಾವತ್ತು ಹುಳದ ಔಷಧಿ ಕಟ್ಟಿದ್ದು ಎಂದು ಇವರ ಮನೆಯ ಕ್ಯಾಲೆಂಡರಿನಲ್ಲಿ ಗುರುತಿದೆ. ಬೇರಿನ ತುದಿ ಓರೆಯಾಗಿ ಕತ್ತರಿಸಿ ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ದಾರ ಸುತ್ತುವುದು, ಮರ ಅದನ್ನು ಹೀರಿ ಗರಿಯವರೆಗೆ ಏರಿಸಿಕೊಳ್ಳುತ್ತದೆ, ಹುಳ ಸಾಯುತ್ತದೆ, ಔಷಧಿ ಕಾಯಿಗೂ ಇಳಿಯುತ್ತದೆ, ಅದಕ್ಕೇ ನಲವತ್ತೈದು ದಿನ ಆ ಮರದ ಎಳನೀರು ಮುಟ್ಟಬಾರದು — ಬಳಗದಲ್ಲಿ ಯಾರನ್ನು ಬೇಕಾದರೂ ಎಬ್ಬಿಸಿ ಕೇಳಿ, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಬೇಡ, ನನಗೆ ಬೇಡ, ಎಂದಳು ಶರ್ಮಿಳಾ. ಯಾಕಮ್ಮ, ನಮ್ ತೋಟದ್ದೇ ಕಣಮ್ಮ, ಎಂದರು ಮಾವ. ಬೇಡ. ಹನ್ನೊಂದು ದಿನದ ಹಿಂದೆ ಬೆಳಿಗ್ಗೆ, ದೋಸೆ ಕಾವಲಿಯ ಮೇಲಿತ್ತು, ಮೊಬೈಲು ಕಿಟಕಿಯ ಮೇಲೆ, ಹೊಸ ನಂಬರಿನಿಂದ ದನಿ, ಹಿಂದೆ ಯಾರೋ ಕೆಮ್ಮುತ್ತಿದ್ದರು, ಅಣ್ಣಾ, ನಮ್ ಅತ್ತೆಗೆ ಮೂರ್ ದಿನದಿಂದ ಜ್ವರ, ಬಾಯಿಗೆ ಏನೂ ಸೇರ್ತಿಲ್ಲ, ಎಳ್ನೀರು ಕೇಳ್ತಾವ್ರೆ, ಬೇರಿಗೆ ಔಸ್ದಿ ಕಟ್ಟಿರೋ ಮರದ್ದು ಕುಡುಸ್ಬೋದಾ, ಯಾರಾನಾ ಹೇಳ್ರಣ್ಣ. ಅಷ್ಟೇ. ಹನ್ನೆರಡು ಸೆಕೆಂಡು. ಮೊದಲು ಬಂದದ್ದು ಬಳಗದ ಹಳಬ ಚಿದಂಬರ, ಇದೇನ್ರೀ ಇದು, ಬಳಗಕ್ಕೆ ಆಕಾಶವಾಣಿ ಬಂತು, ಜೊತೆಗೆ ನಗುವ ಮುಖ ಮೂರು, ಆಮೇಲೆ ಇನ್ನೊಬ್ಬ, ಅಣ್ಣಾ ಅಂತೆ, ನಾನ್ಯಾವಾಗ ಇವಳ ಜೊತೆ ಹುಟ್ಟಿದೆ, ಆಮೇಲೆ ಅನಂತರಾಜರು, ಒಂದು ನಮಸ್ಕಾರ ಇಲ್ಲ, ಪರಿಚಯ ಇಲ್ಲ, ಕೇಳೋ ಧಾಟಿನಾ ಇದು, ಯಾರಮ್ಮ ನೀನು. ಧಾಟಿ! ಜ್ವರದ ಮನೆಯಿಂದ ಯಾವ ಧಾಟಿಯಲ್ಲಿ ಕೇಳಬೇಕಿತ್ತು, ಷಟ್ಪದಿಯಲ್ಲೋ. ಧಾಟಿಯ ಬಗ್ಗೆ ನಲವತ್ತಮೂರು ಮೆಸೇಜು, ಇವಳು ಆಮೇಲೆ ಎಣಿಸಿದ್ದಾಳೆ, ನಮ್ಮ ಕಾಲದಲ್ಲಿ ಬಳಗಕ್ಕೆ ಒಂದು ಘನತೆ ಇತ್ತು ಎಂಬ ಆರು ಪ್ಯಾರಾದ ಲೇಖನ ಬೇರೆ, ಒಬ್ಬ, ಒಬ್ಬನೇ ಒಬ್ಬ ಬೇಡ ಎಂಬ ಎರಡಕ್ಷರ ಒತ್ತಲಿಲ್ಲ.

ಶರ್ಮಿಳಾ ಒತ್ತಿದ್ದಳು. ಕುಡಿಸಬೇಡಿ, ನಲವತ್ತೈದು ದಿನ ಮುಟ್ಟಬೇಡಿ, ಎಂದು ಬರೆದಿದ್ದಳು, ಕಳಿಸುವ ಗುರುತಿನ ಮೇಲೆ ಬೆರಳಿತ್ತು, ಅಭ್ಯಾಸ ಬಲದಿಂದ ಗಟ್ಟಿಯಾಗಿ ಓದಿ ಹೇಳಿದಳು, ಮಾವ ಕಾಫಿ ಲೋಟದಿಂದ ತಲೆಯೆತ್ತದೆ ಅಂದರು, ಮೊದ್ಲು ಪರಿಚಯ ಹಾಕ್ಸಮ್ಮ, ಒಬ್ರಿಗೆ ಸಡಿಲ ಬಿಟ್ರೆ ನಾಳೆ ಎಲ್ರೂ ಹಿಂಗೇ ನುಗ್ತಾರೆ, ಉತ್ತರ ಎಲ್ಲೂ ಓಡೋಗಲ್ಲ. ಅಳಿಸಿದಳು. ನಿಯಮಾವಳಿ ಕಳಿಸಿದಳು. ಮತ್ತೆ ದನಿ ಬಂತು, ತಪ್ಪಾಗಿದ್ರೆ ಹೊಟ್ಟೆಗಾಕ್ಕಳ್ರಣ್ಣ, ನಂಗೆ ಬರಿಯಾಕೆ ಬರಕಿಲ್ಲ, ನನ್ನೆಸ್ರು ಲಕ್ಕಮ್ಮ, ಬಿಕ್ಕೋಡಿನ ಕಾಫಿ ತೋಟದಾಗೆ ಕೂಲಿಗಿದ್ವಿ, ಈಗ ಹುಲಿಕೆರೆ ತಾವ ನಲವತ್ತು ಮರ ಗುತ್ತಿಗೆಗೆ ಹಿಡುದಿದೀವಿ, ಎಳ್ನೀರು ಕೊಡ್ಬೋದಾ ಅಣ್ಣಾ. ಪರಿಚಯವೇ ತಾನೇ ಅದು? ಹೆಸರು, ಊರು, ಮರ, ಎಲ್ಲ ಇತ್ತು, ಇಲ್ಲದ್ದು ಮನೆತನ ಒಂದೇ, ಇದ್ದದ್ದು ಕೂಲಿ. ಕೂಲಿಯವ್ರಿಗೂ ಲಿಂಕ್ ಕೊಟ್ಟೋರ್ಯಾರು, ಎಂದು ಯಾರೋ ಬರೆದ. ಮಾವ ನಿಟ್ಟುಸಿರು ಬಿಟ್ಟರು, ಸದ್ಯಕ್ಕೆ ತೆಗ್ದಾಕಮ್ಮ, ವಾತಾವರಣ ಕೆಡ್ತೈತೆ, ಯಾರ ಕೈಲಾದ್ರೂ ಬರುಸ್ಕಂಡು ಬರ್ಲಿ, ಸೇರುಸ್ಕಳಣ. ತೆಗೆದಳು. ದೋಸೆ ಸೀದಿತ್ತು, ಅದನ್ನು ಕಾವಲಿಯಿಂದ ತೆಗೆಯುವಷ್ಟು ಹೊತ್ತೂ ಲಕ್ಕಮ್ಮನನ್ನು ತೆಗೆಯಲು ಹಿಡಿಯಲಿಲ್ಲ. ಅವಳ ನಂಬರು ಮೊಬೈಲಿನಲ್ಲೇ ಇತ್ತು, ಬೇರೆಯಾಗಿ ಒಂದು ಸಾಲು ಹಾಕಬಹುದಿತ್ತು, ಮಾವನಿಗೆ ಕಾಣುತ್ತಲೂ ಇರಲಿಲ್ಲ, ಹಾಕುತ್ತೇನೆ ಎಂದುಕೊಂಡಳು, ತಿಂಡಿ ಆಗಲಿ ಎಂದುಕೊಂಡಳು, ಬಟ್ಟೆ ಒಣಗಿ ಹಾಕಿ ಎಂದುಕೊಂಡಳು, ಮಠದ ವಿಚಾರ ಕೇಳುವಾಗ ಮಾತ್ರ ಬೇರೆಯಾಗಿ ಬರೆಯಲು ಬರುತ್ತಿದ್ದ ಬೆರಳು, ಥೂ, ಇವರನ್ನೆಲ್ಲ ಉಗಿಯಲು ಯಾವ ಬಾಯಿದೆ ನಿನಗೆ, ಶಾಲು ಚುಚ್ಚುತ್ತಿದೆ ಅಂತೆ ಶಾಲು.

ಇವತ್ತು ಬೆಳಿಗ್ಗೆ ಮಾವನಿಗೆ ಔದಾರ್ಯ ಉಕ್ಕಿತ್ತು, ತೆಗೆದಾಕಿರೋರಿಗೂ ಒಂದ್ ಫೋನ್ ಮಾಡಮ್ಮ, ಹಬ್ಬದ ದಿನ ಮನಸ್ಸು ದೊಡ್ದು ಮಾಡಣ, ಹಾಗಾಗಿ ಲಕ್ಕಮ್ಮನಿಗೂ ಮಾಡಿದಳು, ಬಳಗದಿಂದ ಮಾತಾಡ್ತಿರೋದು ಎಂದಳು. ಅಯ್ಯೋ ಅಕ್ಕಾ, ನೀವಾ, ಎಂದಳು, ದನಿಯಲ್ಲಿ ಸಿಟ್ಟೇ ಇಲ್ಲ, ಅದೇ ಕೊಯ್ಯುವುದು, ಅತ್ತೆ ಹೋದ್ರು ಕಣಕ್ಕ, ಇವತ್ತಿಗೆ ಐದು ದಿನ, ದೊಡ್ಡಾಸ್ಪತ್ರೆಗೆ ಕರ್ಕಂಡೋದ್ವಿ, ಎಳ್ನೀರಲ್ಲಿ ಔಸ್ದಿ ಇತ್ತು ಅಂದ್ರು ಡಾಕ್ಟ್ರು, ಮಹದೇವಮ್ಮ ಅಂತ ಅವರೆಸ್ರು. ನೀವೆಲ್ಲ ದೊಡ್ಡೋರು ಅಷ್ಟು ಜನ ಇದ್ರಲ್ಲಕ್ಕ, ಬ್ಯಾಡ ಅನ್ನಂಗಿದ್ರೆ ಯಾರಾನಾ ಅಂದಿರೋರು, ಯಾರೂ ಅನ್ಲಿಲ್ವಲ್ಲ ಅಂತ ಧೈರ್ಯ ಮಾಡಿ ಕೊಟ್ಟೆ. ಎರಡು ಕೈಲೂ ಹಿಡ್ಕಂಡು ಕುಡುದ್ರು ಕಣಕ್ಕ, ಬುರುಡೆ ಎತ್ತಿ, ತಣ್ಣಗೈತೆ ಕಣವ್ವ ಅಂದ್ರು, ಗಲ್ಲದ ಮ್ಯಾಲೆಲ್ಲ ಇಳೀತು, ಸೆರಗಲ್ಲಿ ಒರಿಸ್ದೆ. ಆಮೇಲೆ, ಈಗ ಪರಿಚಯ ಬರುಸ್ಕಂಡು ಹಾಕ್ಲಾ ಅಕ್ಕ, ಉಳುದ ಮರದ್ದು ಕೇಳ್ಬೇಕಿತ್ತು. ಕಾರಿನಲ್ಲಿ ಬರುವಾಗ ಮಾವನಿಗೆ ಹೇಳಿದಳು, ಅವರು ಕನ್ನಡಿಯಲ್ಲಿ ಪೇಟ ಸರಿಮಾಡಿಕೊಳ್ಳುತ್ತಿದ್ದರು, ಪಾಪ, ವಯಸ್ಸೆಷ್ಟಾಗಿತ್ತಂತೆ, ಎಂದರು, ಆಮೇಲೆ, ಇವತ್ತು ಈ ಮಾತು ಎತ್ಬೇಡಮ್ಮ. ಎರಡು ಕೈಲೂ ಹಿಡಿದು. ಮುದುಕಿಯನ್ನು ಇವಳು ನೋಡಿಯೇ ಇಲ್ಲ, ಆದರೂ ಆ ಕೈ, ಕಾಫಿ ಹಣ್ಣು ಕೊಯ್ದು ಕಪ್ಪಾದ ಬೆರಳ ಸಂದಿ, ಬುರುಡೆಯ ಹಸಿರಿಗೆ ಒತ್ತಿಕೊಂಡ ಆ ಕೈ —

ಶರ್ಮಿಳಾ, ಬಾಮ್ಮ, ಎಂದು ಅನಂತರಾಜರು ಕರೆಯುತ್ತಿದ್ದಾರೆ, ಈಗ ನಮ್ಮ ಬಳಗದ ಮನೆಮಗಳು ಸ್ವಾಗತ ಸಂದೇಶ ಓದುತ್ತಾಳೆ, ಚಪ್ಪಾಳೆ, ಎದ್ದಳು, ನಾಲ್ಕು ಹೆಜ್ಜೆ, ಸ್ಪಂಜಿನಿಂದ ಎಲೆ ಅಡಿಕೆಯ ವಾಸನೆ, ಎದುರಿಗೆ ಸಾಲು ಸಾಲು ಮುಖಗಳು ಕೊಳವೆ ಕಚ್ಚಿಕೊಂಡು ನೋಡುತ್ತಿವೆ, ಹಾಳೆ ಬಿಡಿಸಿದಳು, ಬಳಗಕ್ಕೆ ಬಂದ ಹೊಸಬರು, ಎಂದಳು, ಮುಂದಿನ ಸಾಲು ಬಾಯಿಗೆ ಬರುತ್ತಿಲ್ಲ, ಬಂದದ್ದು ಬೇರೆ. ಕುಡಿಸಬೇಡಿ, ಎಂದಳು. ನಲವತ್ತೈದು ದಿನ ಮುಟ್ಟಬೇಡಿ. ಹಾಲಿನ ಮೂಲೆಮೂಲೆಗೂ ಕೇಳಿಸಿತು, ಒಳ್ಳೆಯ ಮೈಕು. ಹೀರುವ ಸದ್ದು ನಿಂತಿತು. ಏನಮ್ಮ ಅದು, ಎಂದರು ಮಾವ ಹಿಂದಿನಿಂದ. ಔಷಧಿ ಕಟ್ಟಿದ ಮರದ್ದು ಕುಡಿಸಬೇಡಿ, ನಲವತ್ತೈದು ದಿನ. ಅನಂತರಾಜರು ನಕ್ಕು ಬಗ್ಗಿ ಮೆಲ್ಲಗೆ ಅಂದರು, ಅದು ನಮಗೆಲ್ಲ ಗೊತ್ತಿರೋದೇ ಕಣಮ್ಮ, ಸ್ವಾಗತ ಓದು. ಗೊತ್ತಿರೋದೇ. ಎಲ್ಲರಿಗೂ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಹೌದು ಹೌದು ಎಂದು ಆಡುತ್ತಿರುವ ತಲೆಗಳು, ಗೊತ್ತಿತ್ತು, ಆ ಬೆಳಿಗ್ಗೆಯೂ ಗೊತ್ತಿತ್ತು, ಓದಮ್ಮ, ಓದು, ಹಾಳೆ ಇದೆ, ಅಕ್ಷರ ಇವೆ, ಎರಡು ಕೈ ಬುರುಡೆ ಎತ್ತುತ್ತಿವೆ, ಗಲ್ಲದಿಂದ ನೀರು ಇಳಿಯುತ್ತಿದೆ, ಓದಮ್ಮ, ಎರಡು ಕೈ, ತಣ್ಣಗೈತೆ ಕಣವ್ವ, ಎರಡು ಕೈ